ನಾಲ್ಕು ಕ್ಷಯ, ಒಂದು ತಿದ್ದುಪಡಿ

ಎಲ್ಲ ರಗಳೆಗೂ ಕಾರಣ ‘ಎದುರು’ ಎಂಬ ಮೂರಕ್ಷರ.

ಇಡೀ ಬೀದಿಗೆ ಡಿಸ್ಕಪ್ಪ ಎಂದೇ ಗೊತ್ತಿದ್ದ ಅವನು ಕಂಪ್ಯೂಟರಿನ ಹಾರ್ಡ್ ಡಿಸ್ಕು, ಪೆನ್ ಡ್ರೈವು, ಮೆಮೊರಿ ಕಾರ್ಡು ಮಾರುವವನು. ಕೆಟ್ಟು ಹೋದವಕ್ಕೆ ಜೀವ ಕೊಡುವವನು. ಒಂಬತ್ತನೇ ಕ್ಲಾಸಿನ ನಡುವೆಯೇ ಶಾಲೆಗೆ ಕೈಮುಗಿದು ಹೊರಬಂದಿದ್ದ. ಅವನ ಅಂಗಡಿ ಎಷ್ಟು ದೊಡ್ಡದೆಂದರೆ, ನಿಂತು ಮೈಮುರಿದರೆ ಎರಡು ಗೋಡೆಗಳೂ ಕೈಗೆ ತಾಗುತ್ತಿದ್ದವು. ಬೀದಿಯ ಆಚೆ, ಹನ್ನೊಂದು ಹೆಜ್ಜೆ ದೂರದಲ್ಲಿ, ಅದೇ ಮಾಲಿನ, ಅದೇ ಅಳತೆಯ ಇನ್ನೊಂದು ಅಂಗಡಿ. ಅದು ಅವನ ಹೆಂಡತಿಯ ಅಣ್ಣನದು. ಡಿಸ್ಕಪ್ಪನಿಗೆ ಸ್ಕ್ರೂಡ್ರೈವರ್ ಹಿಡಿಯುವುದನ್ನು ಕಲಿಸಿದವನೂ ಆ ಭಾವನೇ, ಕಲಿತದ್ದು ನೋಡಿ ಮೆಚ್ಚಿ ತಂಗಿಯನ್ನು ಕೊಟ್ಟವನೂ ಅವನೇ. ಇಬ್ಬರೂ ಅವರವರ ಅಂಗಡಿಯ ಮೇಲಿನ ಮನೆಯಲ್ಲೇ ಇದ್ದರು.

ಮೂರು ದಿನದ ಹಿಂದೆ ಸಂಜೆ ಪತ್ರಿಕೆಯ ವರದಿಗಾರನೊಬ್ಬ ಅಂಗಡಿಗೆ ಬಂದಿದ್ದ. ಎರಡು ಡಿಗ್ರಿ, ಒಂದು ಕನ್ನಡಕ, ಒಂದೇ ಕಿವಿ. ಇನ್ನೊಂದು ಕಿವಿಯಲ್ಲಿ ಯಾವಾಗಲೂ ಫೋನು. ‘ಕಂಪ್ಯೂಟರ್ ಶೇಖರಣಾ ಮಾರುಕಟ್ಟೆಯಲ್ಲಿ ಪೈಪೋಟಿ ಹೇಗಿದೆ?’ ಎಂದು ಕೇಳಿದ.

ತನ್ನನ್ನು ಒಬ್ಬರು ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿರುವುದು ಜನ್ಮದಲ್ಲೇ ಮೊದಲ ಸಲವಾದ್ದರಿಂದ ಡಿಸ್ಕಪ್ಪ ಎದೆ ಸೆಟೆಸಿ ಹೇಳಿದ್ದ: “ನಂಗೆ ಕೆಲಸ ಕಲಿಸಿದ್ದೇ ನಮ್ ಭಾವ ಸಾರ್. ಅಗೋ, ಅವರೇ. ಹತ್ತು ವರ್ಷದಿಂದ ಅವರು ನಮ್ಮೆದುರು, ನಾವು ಅವರೆದುರು. ಅವರ ಹತ್ರ ಬರೋ ಕೆಟ್ಟ ಡಿಸ್ಕಲ್ಲಿ ಇರೋದನ್ನೆಲ್ಲ ನಾನೇ ಎತ್ತೋದು. ಅವರ ಹತ್ರ ಎರಡು ಟಿಬಿವರೆಗೂ ಇದೆ, ನನ್ನ ಹತ್ರ ನಾಲ್ಕು ಟಿಬಿನೂ ಇದೆ.”

ಇದರಲ್ಲಿ ತಪ್ಪೇನಿದೆ ಹೇಳಿ. ಸತ್ತ ಡಿಸ್ಕಿನೊಳಗೆ ಸಿಕ್ಕಿಕೊಂಡ ಫೋಟೋ, ಪತ್ರ ಎಲ್ಲ ಹೊರತೆಗೆಯುವುದಕ್ಕೆ ಆ ಬೀದಿಯಲ್ಲಿ ‘ಎತ್ತೋದು’ ಎನ್ನುತ್ತಾರೆ. ಡಿಸ್ಕು ಎಷ್ಟು ಹಿಡಿಯುತ್ತದೆ ಎಂಬುದನ್ನು ಟಿಬಿ, ಅಂದರೆ ಟೆರಾಬೈಟ್, ಲೆಕ್ಕದಲ್ಲಿ ಹೇಳುತ್ತಾರೆ. ಅಕ್ಕಿಗೆ ಕಿಲೋ, ಬಟ್ಟೆಗೆ ಮೀಟರು, ಡಿಸ್ಕಿಗೆ ಟಿಬಿ. ಪೆನ್ ಡ್ರೈವ್ ಕೊಳ್ಳಲು ಬರುವ ಸ್ಕೂಲು ಹುಡುಗಿಗೂ ಇದು ಗೊತ್ತು. ಎರಡು ಡಿಗ್ರಿ ಇದ್ದವನಿಗೆ ಗೊತ್ತಿರಲಿಲ್ಲ.

ಇಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಸಂಜೆ ಪತ್ರಿಕೆಯ ಮೊದಲ ಮುದ್ರಣ ಬೀದಿಗೆ ಬಿತ್ತು. ಪಕ್ಕದ ಅಂಗಡಿಯ ಜೆರಾಕ್ಸ್ ಅಕ್ಕ ಅದನ್ನು ಎತ್ತಿಕೊಂಡವಳೇ “ಲೋ ಡಿಸ್ಕಪ್ಪಾ!” ಎಂದು ಕೂಗಿದಳು. ಮುಚ್ಚಿಟ್ಟ ವಿಷಯವನ್ನು ನಕಲು ತೆಗೆದು ಹಂಚುವುದು ಆಕೆಗೆ ವೃತ್ತಿಯೂ ಹೌದು, ಪ್ರವೃತ್ತಿಯೂ ಹೌದು. ಬೀದಿಯ ನಡುವೆ ನಿಂತು ಓದತೊಡಗಿದಳು.

“ಶೇಖರಣಾ ಸಾಮ್ರಾಜ್ಯದಲ್ಲಿ ಮಹಾಸಮರ! ಇಬ್ಬರು ದೈತ್ಯರ ಹತ್ತು ವರ್ಷದ ವೈರ!”

“ದೈತ್ಯರು ಯಾರಕ್ಕಾ?” ಎಂದ ಡಿಸ್ಕಪ್ಪ.

“ನೀನೇ ಕಣೋ. ಕೇಳು. ‘ಹತ್ತು ವರ್ಷದಿಂದ ಅವರು ನಮ್ಮ ಎದುರಾಳಿ ಎಂದು ಗುಡುಗಿದ ವ್ಯಾಪಾರಿ, ಎದುರಾಳಿಯ ಬಳಿ ಇರುವುದನ್ನೆಲ್ಲ ತಾವೇ ಎತ್ತುತ್ತಿರುವುದಾಗಿ ನಿರ್ಲಜ್ಜೆಯಿಂದ ಒಪ್ಪಿಕೊಂಡರು. ಬೆಲೆ ಸಮರ ಯಾವ ಕ್ಷಣದಲ್ಲಾದರೂ ಸ್ಫೋಟಿಸಬಹುದು. ಎದುರಾಳಿಗೆ ಎರಡು ಕ್ಷಯವಿದ್ದರೆ ತಮಗೆ ನಾಲ್ಕು ಕ್ಷಯವಿದೆ ಎಂದೂ ಅವರು ಹೆಮ್ಮೆಪಟ್ಟರು.’”

ಓದಿ ಮುಗಿಸಿದ ಅಕ್ಕ ಮೂರು ಹೆಜ್ಜೆ ಹಿಂದೆ ಸರಿದಳು.

“ನಾಲ್ಕಾ? ಒಬ್ಬ ಮನುಷ್ಯನಿಗೆ ಎರಡೇ ಶ್ವಾಸಕೋಶ ಅಲ್ವೇನೋ ಇರೋದು?”

“ಅಕ್ಕಾ, ಅದು ಆ ಟಿಬಿ ಅಲ್ಲ! ಡಿಸ್ಕಿನ ಟಿಬಿ!”

“ಅಯ್ಯಯ್ಯೋ, ಡಿಸ್ಕಿಗೂ ಹತ್ತಿದೆಯಂತೆ ಕಣ್ರೋ!” ಎಂದು ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಪಾಪ, ಗಾಬರಿಯಲ್ಲಿ ಅವಳು ಕೆಮ್ಮಿದ್ದಕ್ಕೆ ಜನ ಅವಳಿಂದಲೂ ದೂರ ಸರಿದರು. ಮೂಲೆಯ ಟೀ ಅಂಗಡಿಯವನು ದಿನದ ಟೀ ತಂದವನು ಲೋಟವನ್ನು ನೆಲದ ಮೇಲಿಟ್ಟು ಕೋಲಿನಿಂದ ಒಳಗೆ ತಳ್ಳಿದ. “ಲೋಟ ನೀವೇ ಇಟ್ಕೊಳ್ಳಿ ಡಿಸ್ಕಪ್ಪ, ನೆನಪಿಗೆ” ಎಂದ. ಎಂದೂ ಏನನ್ನೂ ಬಿಟ್ಟುಕೊಡದ ಮನುಷ್ಯ. ಈ ಔದಾರ್ಯ ಕಂಡು ಡಿಸ್ಕಪ್ಪನಿಗೆ ನಿಜವಾಗಿಯೂ ಎದೆನೋವು ಬಂದಂತಾಯಿತು.

ಆದರೆ ಅಸಲು ಹೊಡೆತ ಮಾಳಿಗೆಯಿಂದ ಇಳಿದು ಬಂತು. ಹೆಂಡತಿ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಪೇಪರು, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ.

“ರೀ, ಕ್ಷಯ ಗಿಯ ಎಲ್ಲ ಬಿಡಿ, ಅದು ಪೇಪರಿನವರ ಬುದ್ಧಿಗೆ ಹತ್ತಿರೋದು ಅಂತ ನಂಗೂ ಗೊತ್ತು. ನಮ್ಮಣ್ಣನ ಹತ್ರ ಎರಡು, ನನ್ನ ಹತ್ರ ನಾಲ್ಕು ಅಂತ ಕೊಚ್ಚಿಕೊಂಡ್ರಾ ಇಲ್ವಾ?”

“ಕೊಚ್ಚಿಕೊಂಡಿದ್ದಲ್ಲ ಕಣೇ, ಮಾಲಿನ ಬಗ್ಗೆ...”

“ಹೇಳಿದ್ರಾ ಇಲ್ವಾ?”

“ಹೇಳ್ದೆ.”

“ಬರಿಗೈಲಿ ಬಂದೋರಿಗೆ ಕೆಲಸ ಕಲಿಸಿದ್ದು ನಮ್ಮಣ್ಣ. ಅದನ್ನ ಹೇಳಿದ್ರಾ?”

“ಮೊದಲು ಹೇಳಿದ್ದೇ ಅದನ್ನ! ನಿನ್ನಾಣೆ!”

“ಎಲ್ಲಿದೆ ತೋರ್ಸಿ.”

ಡಿಸ್ಕಪ್ಪ ಪೇಪರು ಕಸಿದುಕೊಂಡು ಹುಡುಕಿದ. ಹಿಂದೆ ಮುಂದೆ ತಿರುಗಿಸಿದ. ಎಷ್ಟೋ ಸತ್ತ ಡಿಸ್ಕುಗಳಿಂದ ಕಳೆದುಹೋದ ಮಾತುಗಳನ್ನು ಎತ್ತಿದ್ದವನಿಗೆ ತಾನು ಬಾಯಾರೆ ಹೇಳಿದ ಒಂದು ಮಾತನ್ನು ಆ ಕಾಗದದಿಂದ ಎತ್ತಲಾಗಲಿಲ್ಲ.

“ಇಲ್ಲ ಅಲ್ವಾ? ಅದು ಅಚ್ಚಾಗೋವರೆಗೂ ನಾನು ಈ ಮೆಟ್ಟಿಲು ಹತ್ತಲ್ಲ” ಎಂದವಳೇ ಹೆಂಡತಿ ತವರಿಗೆ ಹೊರಟಳು. ಹನ್ನೊಂದು ಹೆಜ್ಜೆ. ಒಂಬತ್ತನೇ ಹೆಜ್ಜೆಯಲ್ಲಿ ಒಮ್ಮೆ ತಿರುಗಿ ನೋಡಿದಳು, ಮತ್ತೆ ನಡೆದಳು.

ಎದುರಂಗಡಿಯಲ್ಲಿ ಭಾವ ಪೇಪರನ್ನು ಕಣ್ಣಿಗೆ ಅಂಟಿಸಿಕೊಂಡು ಕೂತಿದ್ದ. ಜಗಳವೆಂದರೆ ಗಿರಾಕಿಗೂ ಹೆದರುವ ಸಾಧು. ಅಚ್ಚಾದದ್ದೆಲ್ಲ ಸತ್ಯ ಎಂದು ನಂಬಿದವನು. ಪಂಚಾಂಗವನ್ನೂ ಬಸ್ಸಿನ ವೇಳಾಪಟ್ಟಿಯನ್ನೂ ಒಂದೇ ಭಕ್ತಿಯಿಂದ ಓದುವವನು.

“ಭಾವ, ನೀವಾದ್ರೂ ಹೇಳಿ ಅವಳಿಗೆ” ಎಂದು ಡಿಸ್ಕಪ್ಪ ಬೀದಿಯಾಚೆಯಿಂದ ಕೂಗಿದ.

ಭಾವ ನಿಧಾನವಾಗಿ ತಲೆಯೆತ್ತಿದ. “ನಾವು ವೈರಿಗಳು ಅಂತ ನಂಗೆ ಗೊತ್ತೇ ಇರಲಿಲ್ಲ ನೋಡಪ್ಪ. ಹತ್ತು ವರ್ಷ ಆಯ್ತಂತೆ. ಒಂದು ಮಾತು ಹೇಳಬಾರದಿತ್ತಾ?”

ಡಿಸ್ಕಪ್ಪನ ತಲೆಯಲ್ಲಿ ಏನೋ ಸುಟ್ಟುಹೋದ ಸದ್ದಾಯಿತು. ಅಂಗಡಿಯ ಬಾಗಿಲೆಳೆದು, ಪೇಪರನ್ನು ಸುರುಳಿ ಸುತ್ತಿ ದೊಣ್ಣೆಯಂತೆ ಹಿಡಿದು, ಪತ್ರಿಕೆಯ ಕಚೇರಿಗೆ ಹೊರಟ. ದಾರಿಯಲ್ಲಿ ಎದುರಾದ ನಾಯಿಗಳೂ ಪಕ್ಕಕ್ಕೆ ಸರಿದು ಜಾಗ ಬಿಟ್ಟವು. ಅವೂ ಪೇಪರು ಓದಿದ್ದವೋ ಏನೋ.

ಕಚೇರಿ ಮೂರನೇ ಮಹಡಿಯಲ್ಲಿತ್ತು. ವರದಿಗಾರ ಒಂದು ಕಿವಿಗೆ ಫೋನು ಹಿಡಿದು ಕೂತಿದ್ದ. ಡಿಸ್ಕಪ್ಪ ಪೇಪರು ಬಿಚ್ಚಿ ಅವನ ಮುಂದೆ ಬಡಿದ.

“ನಂಗೆ ನಾಲ್ಕು ಕ್ಷಯ ಇದೆಯಾ?”

ವರದಿಗಾರ ಫೋನು ಕೆಳಗಿಟ್ಟ. ಕುರ್ಚಿಯನ್ನೂ ಹಿಂದೆ ಸರಿಸಿದ. “ನೀವೇ ಹೇಳಿದ್ರಲ್ಲ?”

“ನಾನು ಹೇಳಿದ್ದು ಟಿಬಿ!”

“ಹ್ಞಾಂ. ನಮ್ಮ ಪತ್ರಿಕೇಲಿ ಗಿಡ್ಡಕ್ಷರ ಬರೆಯೋ ಹಾಗಿಲ್ಲ, ಪೂರ್ತಿ ಬಿಡಿಸಿ ಕನ್ನಡದಲ್ಲೇ ಬರೀಬೇಕು. ಅದು ಸಂಪಾದಕರ ಕಟ್ಟಪ್ಪಣೆ. ಟಿಬಿ ಅಂದ್ರೆ ಕ್ಷಯ. ನಿಘಂಟು ನೋಡೇ ಹಾಕಿದೀನಿ.” ಅವನ ಮುಖದಲ್ಲಿ ಹೆಮ್ಮೆ ಇತ್ತು. ನಿಘಂಟು ನೋಡಿದ್ದಕ್ಕೆ.

“ಮತ್ತೆ ಎದುರು?”

“ಎದುರು ಇರೋನು ಎದುರಾಳಿ.”

“ಹಾಗಾದ್ರೆ ನೀವು ಈಗ ನನ್ನೆದುರು ಕೂತಿದೀರಲ್ಲ, ನೀವು ನಂಗೇನು?”

ವರದಿಗಾರ ಡಿಸ್ಕಪ್ಪನ ಮುಷ್ಟಿಯನ್ನು ನೋಡಿ ಪೆನ್ನು ಎತ್ತಿಕೊಂಡ. ತಿದ್ದುಪಡಿ ಹಾಕೋಣ, ಅದಕ್ಕೇನಂತೆ, ಎಂದು ಬರೆದು ತೋರಿಸಿದ: ‘ತಮಗಿರುವುದು ನಾಲ್ಕು ಕ್ಷಯವಲ್ಲವೆಂದು ವ್ಯಾಪಾರಿ ಸ್ಪಷ್ಟಪಡಿಸಿದ್ದಾರೆ. ಎತ್ತಿದ ಆರೋಪವನ್ನು ಅವರು ಸದ್ಯಕ್ಕೆ ನಿರಾಕರಿಸಿದ್ದಾರೆ.’

“ಸದ್ಯಕ್ಕೆ ಅಂದ್ರೇನ್ರೀ? ನಾಳೆ ಒಪ್ಕೋತೀನಾ? ನಾಲ್ಕಲ್ಲ ಅಂದ್ರೆ ಮೂರಾ?”

“ಅದು ಓದುಗರ ವಿವೇಚನೆಗೆ. ಎಂಟನೇ ಪುಟ, ಕೆಳಗಿನ ಮೂಲೆ. ಮುಂದಿನ ವಾರ.”

ಡಿಸ್ಕಪ್ಪ ಕೂಗಾಡಿದ. ಬೆಂಚಿನ ಮೇಲೆ ಕೂರಿಸಿದರು. ಕೂತ. ಗಂಟೆ ಎರಡಾಯಿತು, ಮೂರಾಯಿತು. ಹನ್ನೊಂದು ಹೆಜ್ಜೆ ದೂರದಲ್ಲಿರುವ ಹೆಂಡತಿ ಈಗ ನೂರು ಮೈಲಿ ಆಚೆ ಇದ್ದಾಳೆ ಅನ್ನಿಸಿತು.

ಆಗ ಒಳಗಿನ ಕೋಣೆಯಿಂದ ಒಂದು ಚೀತ್ಕಾರ ಕೇಳಿಸಿತು. ಸಂಪಾದಕರು ಕೂದಲು ಕೆದರಿಕೊಂಡು ಹೊರಗೆ ಓಡಿ ಬಂದರು. ಸಂಜೆ ಮುದ್ರಣದ ಪುಟಗಳೆಲ್ಲ ಇದ್ದ ಕಂಪ್ಯೂಟರಿನ ಡಿಸ್ಕು ನಿಂತುಹೋಗಿತ್ತು. ಅಚ್ಚಿನ ಮನೆಯವರು ಪುಟ ಕಳಿಸಿ ಪುಟ ಕಳಿಸಿ ಎಂದು ಬಡಿದುಕೊಳ್ಳುತ್ತಿದ್ದರು. ವರದಿಗಾರ ಡಬ್ಬಿಯ ತಲೆಗೆ ಎರಡೇಟು ಹಾಕಿದ. ಎರಡು ಡಿಗ್ರಿ, ಎರಡೇಟು.

“ಹೊಡೀಬೇಡ್ರೀ ಅದನ್ನ!” ಎಂದು ಬೆಂಚಿನಿಂದ ಗುಡುಗು ಕೇಳಿಸಿತು. ಈ ಸಲ ನಿಜವಾದ ಗುಡುಗು, ಪೇಪರಿನದಲ್ಲ.

ಎಲ್ಲರೂ ತಿರುಗಿದರು. ಡಿಸ್ಕಪ್ಪ ಎದ್ದು ನಿಂತಿದ್ದ.

“ನೀವು ಯಾರು?” ಎಂದರು ಸಂಪಾದಕರು.

“ನಾಲ್ಕು ಕ್ಷಯದವನು.”

ಅವನು ಡಬ್ಬಿ ಬಿಚ್ಚಿ ಡಿಸ್ಕನ್ನು ಹೊರತೆಗೆದು, ಕಿವಿಗೆ ಹಿಡಿದು, ತಿರುವಿ ನೋಡಿದ. ಕೆಳಗಿನ ಹಸಿರು ಹಲಗೆಯ ಸ್ಕ್ರೂ ಬಿಚ್ಚಿದ. ವಿದ್ಯುತ್ತು ದಾಟುವ ಚುಕ್ಕೆಗಳು ವರ್ಷಗಳ ತೇವಕ್ಕೆ ಕಾಡಿಗೆ ಹಚ್ಚಿದಂತೆ ಕಪ್ಪಾಗಿದ್ದವು.

“ಒಂದು ರಬ್ಬರ್ ಕೊಡಿ. ಪೆನ್ಸಿಲ್ ಅಳಿಸೋ ರಬ್ಬರ್.”

ಕಚೇರಿಯೆಲ್ಲ ಹುಡುಕಿದರು. ಹದಿನಾಲ್ಕು ಮೇಜು, ಐವತ್ತು ಡ್ರಾಯರು, ಒಂದು ರಬ್ಬರೂ ಇಲ್ಲ. ಬರೆದದ್ದನ್ನು ಅಳಿಸುವ ಅಭ್ಯಾಸವೇ ಆ ಕಟ್ಟಡದಲ್ಲಿ ಇರಲಿಲ್ಲ. ಕೊನೆಗೆ ಪದಬಂಧ ಮಾಡುವ ಮುದುಕರ ಚೀಲದಲ್ಲಿ ಒಂದು ತುಂಡು ಸಿಕ್ಕಿತು. ಇಡೀ ಪತ್ರಿಕೆಯಲ್ಲಿ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತಿದ್ದವರು ಅವರೊಬ್ಬರೇ.

ರಬ್ಬರು ಕೈಯಲ್ಲಿ ಹಿಡಿದ ಡಿಸ್ಕಪ್ಪ ಕೆಲಸ ಶುರು ಮಾಡಲಿಲ್ಲ. ಕಾಲ ಮೇಲೆ ಕಾಲು ಹಾಕಿದ.

“ತಿದ್ದುಪಡಿ?”

“ಎಂಟನೇ ಪುಟದಲ್ಲಿ...” ಎಂದ ವರದಿಗಾರ.

“ಸಾಯ್ಲಿ ನಿಮ್ಮ ಎಂಟನೇ ಪುಟ. ಮೊದಲನೇ ಪುಟ. ಮೇಲ್ಗಡೆ. ಈವತ್ತೇ. ನಾನು ಹೇಳಿದ ಹಾಗೆ, ಒಂದಕ್ಷರ ಮುಟ್ಟಬಾರದು, ಒಂದಕ್ಷರ ಬಿಡಬಾರದು.”

ಸಂಪಾದಕರು ಗೋಡೆಯ ಗಡಿಯಾರ ನೋಡಿದರು, ಡಿಸ್ಕು ನೋಡಿದರು, ಡಿಸ್ಕಪ್ಪನನ್ನು ನೋಡಿದರು. “ಒಪ್ಪಿದೆ” ಎಂದರು.

ಅವನು ಮಗುವಿನ ಮೂಗು ಒರೆಸಿದಷ್ಟು ಹಗುರವಾಗಿ ಆ ಚುಕ್ಕೆಗಳನ್ನು ಉಜ್ಜಿದ. ಒಂದೊಂದೇ ಮಿರಿಮಿರಿ ಹೊಳೆಯತೊಡಗಿದವು. ಹಲಗೆ ಕೂರಿಸಿ, ತಂತಿ ಸಿಕ್ಕಿಸಿ, ಗುಂಡಿ ಒತ್ತಿದ. ಡಿಸ್ಕು ನಿದ್ದೆಯಿಂದೆದ್ದ ಬೆಕ್ಕಿನಂತೆ ಗುರ್ ಎಂದಿತು. ಪರದೆಯ ಮೇಲೆ ಪುಟಗಳು ಸಾಲಾಗಿ ಎದ್ದು ನಿಂತವು. ಚಪ್ಪಾಳೆ ಬಿತ್ತು. ಪದಬಂಧದ ಮುದುಕರು ಅವನ ಕೈ ಕುಲುಕಿದರು. ಸಂಪಾದಕರು ತಮ್ಮ ಸ್ವಂತ ಕುರ್ಚಿ ಬಿಟ್ಟುಕೊಟ್ಟರು.

ಆಹಾ, ಆ ಗಳಿಗೆ! ‘ನಿನ್ನ ಕೈಯಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯೋಕಾಗಲ್ಲ’ ಎಂದು ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟರು ಹೊರಗೆ ನಿಲ್ಲಿಸಿದ್ದ ಹುಡುಗ ಸಂಪಾದಕರ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದ; ಎರಡು ಡಿಗ್ರಿಯವನು ನಿಂತು ಬರೆದುಕೊಳ್ಳುತ್ತಿದ್ದ, ಎರಡೂ ಕಿವಿಗಳಿಂದ ಕೇಳಿಸಿಕೊಂಡು. ಮಧ್ಯೆ ಒಮ್ಮೆ ಸಂಪಾದಕರು ಬಗ್ಗಿ, ಕೊನೆಯ ಸಾಲುಗಳ ಮೇಲೆ ಬೆರಳಿಟ್ಟು, “ಇದೂ ಬೇಕಾ?” ಎಂದು ಮೆಲ್ಲಗೆ ಕೇಳಿದರು.

“ಸತ್ಯ ಸಾರ್ ಅದು! ಯಾಕೆ, ಸತ್ಯ ಹಾಕಿದ್ರೆ ನಿಮ್ಮ ಮೆಷೀನು ಕೆಟ್ಟೋಗುತ್ತಾ?”

“ಇಲ್ಲಪ್ಪ ಇಲ್ಲ. ನಿಮ್ಮಿಷ್ಟ” ಎಂದು ಅವರು ಸಹಿ ಹಾಕಿದರು.

ಐದು ಗಂಟೆಗೆ ಬಿಸಿಬಿಸಿ ಪತ್ರಿಕೆ ಹೊರಬಂತು. ಮೊದಲ ಪುಟ, ಮೇಲ್ಗಡೆ, ಹೆಬ್ಬೆರಳು ಗಾತ್ರದ ಅಕ್ಷರ. ಡಿಸ್ಕಪ್ಪ ಒಂದು ಕಟ್ಟು ಬಗಲಿಗಿಟ್ಟುಕೊಂಡು ಬೀದಿಗೆ ಬಂದ. ಗೆದ್ದ ಕುಸ್ತಿಪಟು ಗದೆ ಹೊತ್ತು ಬಂದ ಹಾಗೆ. ಮೆಟ್ಟಿಲು ಹತ್ತುವ ಹೆಂಡತಿಯ ಕಾಲ ಸದ್ದು ಆಗಲೇ ಕಿವಿಯಲ್ಲಿ ಕೇಳಿಸುತ್ತಿತ್ತು.

ಬೀದಿಗೆ ಕಾಲಿಟ್ಟವನು ಬೆಚ್ಚಿಬಿದ್ದ.

ಜನ! ಬೆಲೆ ಸಮರದ ಸುದ್ದಿ ಓದಿ ಬಂದ, ಕಾಲಿಡಲು ಜಾಗವಿಲ್ಲದಷ್ಟು ಜನ. ಎಲ್ಲರೂ ಮೂಗಿಗೆ ಕರ್ಚೀಫು ಕಟ್ಟಿಕೊಂಡಿದ್ದರು, ಆದರೆ ಒಬ್ಬರೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಕ್ಷಯವೇನು, ಪ್ಲೇಗೇ ಇದ್ದರೂ ಅಗ್ಗಕ್ಕೆ ಸಿಗುತ್ತದೆಂದರೆ ಮನುಷ್ಯ ಸಾಲು ನಿಲ್ಲುತ್ತಾನೆ. ಅವನ ಅಂಗಡಿಯ ಬಾಗಿಲು ತೆರೆದಿತ್ತು. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೌಂಟರಿನ ಹಿಂದೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದಳು.

“ಆ ಎರಡು ಟಿಬಿ ಕಡೆ ಯಾಕೆ ಹೋಗ್ತೀರಿ? ಬನ್ನಿ ಇಲ್ಲಿ, ನಾಲ್ಕಿದೆ!”

ಎದುರಂಗಡಿಯಿಂದ ಜಗಳಕ್ಕೆ ಹೆದರುವ ಭಾವ ಸ್ಟೂಲ್ ಹತ್ತಿ ಅಬ್ಬರಿಸುತ್ತಿದ್ದ. “ಒಡಹುಟ್ಟಿದವಳು ಅಂತಾನೂ ನೋಡಲ್ಲ ನಾನು! ಅವಳು ಹೇಳೋ ಬೆಲೆಗಿಂತ ಕಡಿಮೆ! ಬನ್ನಿ!”

ಜನ ಹೋ ಎಂದು ಆ ಕಡೆ ಓಡುತ್ತಿದ್ದರು. ಮತ್ತೆ ಹೋ ಎಂದು ಈ ಕಡೆ. ಜೆರಾಕ್ಸ್ ಅಕ್ಕ ನಡುವೆ ನಿಂತು ಬೆಳಗಿನ ವರದಿಯ ನಕಲು ಮಾರುತ್ತಿದ್ದಳು.

ಡಿಸ್ಕಪ್ಪ ತಲೆ ಚಚ್ಚಿಕೊಂಡ. ಒಂದು ತಾಯಿಯ ಮಕ್ಕಳು! ಒಂದು ಸುಳ್ಳು ಸುದ್ದಿಯಿಂದ ಬೀದಿಯಲ್ಲಿ ಹೀಗೆ ಕಚ್ಚಾಡುತ್ತಿದ್ದಾರಲ್ಲ! ಜನರನ್ನು ಸೀಳಿಕೊಂಡು ನಡುಬೀದಿಗೆ ಬಂದು, ಒಂದು ಖಾಲಿ ಪೆಟ್ಟಿಗೆಯ ಮೇಲೆ ಹತ್ತಿ, “ನಿಲ್ಸಿ!” ಎಂದ.

ಹೆಂಡತಿ ಅವನನ್ನು ನೋಡಿದಳು. ಕಣ್ಣು ಮಿಟುಕಿಸಿದಳು. ಪಶ್ಚಾತ್ತಾಪದ ಕಣ್ಣೀರು ತಡೆಯುತ್ತಿದ್ದಾಳೆ ಎಂದುಕೊಂಡ. ಕೈ ಅಡ್ಡಡ್ಡ ಆಡಿಸಿದಳು. ಕ್ಷಮಿಸಿ ಎನ್ನುತ್ತಿದ್ದಾಳೆ ಎಂದುಕೊಂಡ. ಭಾವ ತುಟಿಯ ಮೇಲೆ ಬೆರಳಿಟ್ಟ. ಎಲ್ಲರಿಗೂ ಸುಮ್ಮನಿರಲು ಹೇಳಿ ನನಗೆ ದಾರಿ ಮಾಡಿಕೊಡುತ್ತಿದ್ದಾರೆ, ದೊಡ್ಡ ಮನಸ್ಸು, ಎಂದುಕೊಂಡ. ಪತ್ರಿಕೆ ಬಿಡಿಸಿ, ಎದೆಯುಬ್ಬಿಸಿ, ಊರಿಗೆಲ್ಲ ಕೇಳಿಸುವಂತೆ ಓದಿದ.

“‘ಬೆಳಿಗ್ಗೆ ಈ ಪತ್ರಿಕೆ ಬರೆದದ್ದು ಶುದ್ಧ ಸುಳ್ಳು. ನನಗೆ ಅರ್ಧ ಕ್ಷಯವೂ ಇಲ್ಲ. ಟಿಬಿ ಅಂದರೆ ಡಿಸ್ಕಿನ ಅಳತೆ. ಬರಿಗೈಯಲ್ಲಿ ಬಂದ ನನಗೆ ಕೆಲಸ ಕಲಿಸಿದವರು ಎದುರಂಗಡಿಯ ನನ್ನ ಭಾವ, ದೇವರಂಥವರು. ನಾವು ಎದುರಾಳಿಗಳಲ್ಲ. ನಮ್ಮ ನಡುವೆ ಪೈಪೋಟಿ ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆಯೂ ಇರುವುದಿಲ್ಲ.’”

ಓಡುತ್ತಿದ್ದ ಜನ ನಿಂತು ಅವನತ್ತ ತಿರುಗಿದರು. ಅದರಿಂದ ಇನ್ನಷ್ಟು ಹುರುಪು ಬಂದು, ಅವನು ದನಿ ಏರಿಸಿದ.

“‘ಎರಡೂ ಅಂಗಡಿಯ ಮಾಲು ಬರುವುದು ಭಾವನ ಮನೆಯ ಹಿಂದಿನ ಒಂದೇ ಕೋಣೆಯಿಂದ. ದಿನಾ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕೂತು ಬೆಲೆ ಮಾತಾಡಿಕೊಂಡೇ ಬಾಗಿಲು ತೆಗೆಯುತ್ತೇವೆ. ಗಿರಾಕಿ ಮೊದಲು ಯಾರ ಹತ್ತಿರ ಹೋದರೂ ಅವರು ಹೆಚ್ಚು ಹೇಳಬೇಕು, ಆಮೇಲೆ ಹೋದವರ ಹತ್ತಿರ ಚೂರು ಕಡಿಮೆ. ಗಿರಾಕಿಗೆ ತಾನು ಗೆದ್ದೆ ಅಂತ ಖುಷಿ, ಬಂದದ್ದು ಇಬ್ಬರಿಗೂ ಸಮಪಾಲು ಅಂತ ನಮಗೆ ಖುಷಿ. ಇದಕ್ಕಿಂತ ಹೆಚ್ಚಿನ ಪ್ರೀತಿ ಯಾವ ಸಂಬಂಧದಲ್ಲಿದೆ?’”

ಓದಿ ಮುಗಿಸಿ, ಚಪ್ಪಾಳೆಗಾಗಿ ತಲೆಯೆತ್ತಿದ.

ಮುಂದಿನ ಸಾಲಿನಲ್ಲಿದ್ದ ದಪ್ಪ ಮನುಷ್ಯನೊಬ್ಬ ನಿಧಾನವಾಗಿ ಕರ್ಚೀಫು ಕೆಳಗಿಳಿಸಿದ. “ಹಂಗಾದ್ರೆ ಮಧ್ಯಾಹ್ನದಿಂದ ನಾನು ಆರು ಸಲ ರಸ್ತೆ ದಾಟಿದ್ದು ಯಾಕಯ್ಯಾ?”

ಆಮೇಲೆ ಆದದ್ದನ್ನು ವಿವರಿಸುವುದು ಬೇಡ. ಮಧ್ಯಾಹ್ನದಿಂದ ಮಾರಿದ ಮಾಲೆಲ್ಲ ಹೋದದ್ದಕ್ಕಿಂತ ವೇಗವಾಗಿ ವಾಪಸು ಬಂತು. ಕೆಲವು ಕೈಗೆ, ಕೆಲವು ಮೈಗೆ. ಜೆರಾಕ್ಸ್ ಅಕ್ಕ ಬೆಳಗಿನ ನಕಲುಗಳನ್ನು ಬಿಸಾಡಿ, ಅವನ ಬಗಲಿನಿಂದಲೇ ಒಂದು ಪೇಪರು ಎಳೆದುಕೊಂಡು ಹೊಸ ನಕಲು ತೆಗೆಯಲು ಓಡಿದಳು.

ಬೀದಿ ಖಾಲಿಯಾದ ಮೇಲೆ ಹೆಂಡತಿ ಬಂದು ಎದುರು ನಿಂತಳು.

“ಒಂದು ವರ್ಷದ ವ್ಯಾಪಾರ ಒಂದು ಮಧ್ಯಾಹ್ನದಲ್ಲಿ ಆಗ್ತಿತ್ತು. ನಾನು, ಅಣ್ಣ ಸೇರಿ ಗಂಟಲು ಹರ್ಕೊಂಡು ಕಟ್ಟಿದ ನಾಟಕ.”

“ನೀನೇ ಅಲ್ವೇನೇ ಹೇಳಿದ್ದು, ಅಚ್ಚಾಗ್ಬೇಕು ಅಂತ?”

“ಕೆಲಸ ಕಲಿಸಿದ್ದು ಅಚ್ಚಾಗ್ಲಿ ಅಂದೆ. ಕಸುಬಿನ ಗುಟ್ಟು ಅಚ್ಚಾಗ್ಲಿ ಅಂದ್ನಾ? ಒಂಬತ್ತನೇ ಕ್ಲಾಸಿಗೆ ಬಿಟ್ಟಿದ್ದು ತಪ್ಪು ಕಣ್ರೀ. ಓದೋದು ಕಲಿಯೋಕೆ ಮುಂಚೆನೇ ಬಿಡ್ಬೇಕಿತ್ತು.”

ಕೌಂಟರಿನ ಹಿಂದೆ ವಾಪಸು ತಂದಿಟ್ಟಿದ್ದ ಚೀಲ ಎತ್ತಿಕೊಂಡು ಅವಳು ಹೊರಟಳು. ಹನ್ನೊಂದು ಹೆಜ್ಜೆ. ಈ ಸಲ ಒಂಬತ್ತನೆಯದರಲ್ಲೂ ತಿರುಗಲಿಲ್ಲ. ಭಾವ ಪೇಪರನ್ನು ಮಡಚಿ ಜೇಬಿಗಿಟ್ಟುಕೊಂಡ. “ದೇವರಂಥವರು ಅಂತ ಹಾಕ್ಸಿದೀಯ. ಚೆನ್ನಾಗಿ ಬಂದಿದೆ” ಎಂದು ಹೇಳಿ, ತನ್ನ ಅಂಗಡಿಯ ಬಾಗಿಲೆಳೆದುಕೊಂಡ.

ಡಿಸ್ಕಪ್ಪ ಪತ್ರಿಕೆಯ ಕಚೇರಿಗೆ ಫೋನು ಮಾಡಿದ.

“ಸಾರ್, ಆ ತಿದ್ದುಪಡಿಗೆ ಒಂದು ಸಣ್ಣ ತಿದ್ದುಪಡಿ ಬೇಕಿತ್ತು.”

ಆ ಕಡೆಯಿಂದ ಸಂಪಾದಕರ ದನಿ ತುಂಬಾ ವಿಷಾದದಿಂದ ಬಂತು. “ಸುಳ್ಳಾಗಿದ್ರೆ ಈಗಲೇ ತಿದ್ದಿಸ್ತಿದ್ದೆ ಕಣಪ್ಪ. ನಮ್ಮ ಪತ್ರಿಕೇಲಿ ಇಷ್ಟು ವರ್ಷಕ್ಕೆ ಒಂದೇ ಒಂದು ಸುದ್ದಿ ಅಕ್ಷರಕ್ಕಕ್ಷರ ಸರಿ ಬಂದಿದೆ. ಅದನ್ನ ಹೇಗಪ್ಪ ತಿದ್ದೋದು?”